ಒಂದು ಕಣ್ಣಿಗೆ ಕಂದು, ಒಂದು ಕಣ್ಣಿಗೆ ಹಸಿರು

"ಮೇಡಂ, ನಿಮ್ಮ ಒಂದು ಕಣ್ಣಿನ ಬಣ್ಣ ಅಳಿಸಿ ಹೋಗಿದೆ."

ಔಷಧಿ ಅಂಗಡಿಯ ಮೂಲೆಯಲ್ಲಿ, ಕ್ರೀಮು ಪೌಡರುಗಳ ಕೌಂಟರಿನ ಹಿಂದೆ ನಿಂತಿದ್ದ ಹುಡುಗಿ ತಲೆ ಎತ್ತಿದಳು. ಎದುರಿಗೆ ಭುಜಕ್ಕೆ ದೊಡ್ಡ ಚೀಲ ನೇತುಹಾಕಿಕೊಂಡ ಒಬ್ಬ ಯುವಕ. ನೀಟಾಗಿ ಇಸ್ತ್ರಿ ಮಾಡಿದ ಶರ್ಟು, ಚೀಲದ ಪಟ್ಟಿ ಕೂತ ಜಾಗದಲ್ಲಿ ಮಾತ್ರ ಮುದುಡಿತ್ತು.

"ಅಳಿಸಿ ಹೋಗಿಲ್ಲ, ಹೋಗ್ತಾ ಇದೆ. ಎಷ್ಟೊತ್ತಿಗೆ ಪೂರ್ತಿ ಹೋಗುತ್ತೆ ಅಂತ ನೋಡ್ತಾ ಇದ್ದೀನಿ."

"ಮತ್ತೆ ಇನ್ನೊಂದು ಕಣ್ಣಿಗೆ ಬೇರೆ ಬಣ್ಣ?"

"ಅದು ಬೇರೆ ಕಂಪನಿದು. ಬೆಳಗ್ಗೆ ಎರಡೂ ಒಟ್ಟಿಗೇ ಹಚ್ಚಿದ್ದು. ನಿಮಗೇನು ಬೇಕಿತ್ತು ಹೇಳಿ."

ಅವನು ಗಂಟಲು ಸರಿಮಾಡಿಕೊಂಡ.

"ಆ ಹೋಗ್ತಾ ಇರೋದು ಇದೆಯಲ್ಲ... ಅದು ನಮ್ಮ ಕಂಪನಿದು. ನಾನು ಹೊಸ ಸೇಲ್ಸ್‌ಮ್ಯಾನ್."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ. ಔಷಧಿ ಕೊಡುತ್ತಿದ್ದ ಯಜಮಾನರು ಕನ್ನಡಕದ ಮೇಲಿಂದ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕಾಣದವರಂತೆ ಮಾತ್ರೆಯ ಪಟ್ಟಿ ಕತ್ತರಿಸುವುದನ್ನು ಮುಂದುವರಿಸಿದರು.

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಎರಡ್ಬಣ್ಣ' ಎಂದೇ. ಮೊದಮೊದಲು ಕಾಲೆಳೆಯಲು ಇಟ್ಟ ಹೆಸರು. ಈಗ ಅವಳಿಗೆ ಅದೇ ಬಿರುದು.

ಅವಳ ಕೌಂಟರಿನಲ್ಲಿ ಹೆಚ್ಚು ಖರ್ಚಾಗುತ್ತಿದ್ದುದು ಅಗ್ಗದ ಕ್ರೀಮ್ ಐಶ್ಯಾಡೋ ಪೆನ್ಸಿಲ್. ಬ್ರಶ್ಶು ಬೇಡ, ದೊಡ್ಡ ಕನ್ನಡಿ ಬೇಡ. ರೆಪ್ಪೆಯ ಮೇಲೆ ಒಂದು ಗೀಟು ಎಳೆದು, ಉಂಗುರದ ಬೆರಳಿನಿಂದ ಮೆತ್ತಗೆ ಹರಡಿದರೆ ಮುಗಿಯಿತು. ಡ್ಯೂಟಿಗೆ ಓಡುವ ನರ್ಸುಗಳು, ಮಗುವನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವ ತಾಯಂದಿರು, ಮೊದಲ ಸಲ ಸಂದರ್ಶನಕ್ಕೆ ಹೊರಟ ಹುಡುಗಿಯರು ಅವಳ ಗಿರಾಕಿಗಳು. ಅವರು ಕೇಳುತ್ತಿದ್ದುದು ಒಂದೇ ಮಾತು, ಸಂಜೆವರೆಗೂ ನಿಲ್ಲುತ್ತಾ?

ಅದಕ್ಕೆ ಉತ್ತರ ಕೊಡಲೆಂದೇ ಅವಳು ದಿನಾ ಒಂದೊಂದು ಕಣ್ಣಿಗೆ ಒಂದೊಂದು ಪೆನ್ಸಿಲ್ ಹಚ್ಚಿಕೊಂಡು ಬರುತ್ತಿದ್ದಳು. ಒಂದೇ ಮುಖ, ಒಂದೇ ಬೆವರು, ಒಂದೇ ಬಸ್ಸು. ಸಂಜೆ ಯಾವುದು ಉಳಿಯಿತೋ ಅದನ್ನು ಮಾರುತ್ತಿದ್ದಳು. ತಾನು ಹಚ್ಚಿ ನೋಡದ ಪೆನ್ಸಿಲನ್ನು ಒಳ್ಳೆಯದು ಎಂದು ಅವಳು ಯಾರಿಗೂ ಹೇಳಿದವಳಲ್ಲ. ಕೊಂಡು ಹೋದವರು ಯಾರೂ ಜಗಳಕ್ಕೆ ವಾಪಸ್ ಬಂದಿರಲಿಲ್ಲ. ಆ ಹೆಮ್ಮೆ ಅವಳ ಬೆನ್ನು ಸದಾ ನೆಟ್ಟಗಿರುವಂತೆ ಮಾಡಿತ್ತು.

ಸೇಲ್ಸ್‌ಮ್ಯಾನ್ ವಾರವಾರವೂ ಬರತೊಡಗಿದ. ಪ್ರತಿ ಸಲವೂ ಚೀಲದಿಂದ ಹೊಸ ಬಣ್ಣಗಳು ಹೊರಬರುತ್ತಿದ್ದವು.

"ಈ ಕಂದು ಹೇಗಿತ್ತು?"

"ಚೆನ್ನಾಗಿದೆ. ಹಚ್ಚಿದ ತಕ್ಷಣ ಕಣ್ಣು ಪಿಳಿಪಿಳಿ ಅನ್ನಿಸ್ದೆ ಒಂಚೂರು ಒಣಗೋಕೆ ಬಿಟ್ರೆ ಸಾಕು, ಮತ್ತೆ ಅಲ್ಲಾಡಲ್ಲ. ದುಬಾರಿ ಪೆನ್ಸಿಲ್ ಪಕ್ಕದ ಕಣ್ಣಲ್ಲಿತ್ತು, ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ."

ಅವನ ಮುಖ ಅರಳಿತು.

"ಹಸಿರು?"

"ಹಸಿರು ಬೇಡ. ಮಧ್ಯಾಹ್ನಕ್ಕೇ ರೆಪ್ಪೆ ಮಡಿಕೆಗೆ ಇಳಿದು ಗೆರೆ ಆಗುತ್ತೆ."

ಅರಳಿದ ಮುಖ ಸಪ್ಪೆಯಾಯಿತು. "ಕಡ್ಡಿ ಮುರಿದ ಹಾಗೆ ಹೇಳ್ತೀರಲ್ಲ ನೀವು."

"ಬೆಣ್ಣೆ ಹಚ್ಚೋ ಕೆಲಸ ನನಗೆ ಬರಲ್ಲ. ಪೆನ್ಸಿಲ್ ಹಚ್ಚೋದಷ್ಟೇ ಗೊತ್ತು."

ಹೀಗೆ ಮಾತಾಡುತ್ತ ಮಾತಾಡುತ್ತಲೇ ಅವಳಿಗೆ ಅವನು ಬರುವ ದಿನ ಬೇರೆಯಾಗಿ ಕಾಣತೊಡಗಿತು. ಆ ದಿನ ಬೆಳಗ್ಗೆ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಆದರೂ ಎರಡು ಬಣ್ಣ ಬಿಡುತ್ತಿರಲಿಲ್ಲ. *ಇಷ್ಟ ಆದ್ರೆ ಹೀಗೇ ಇಷ್ಟ ಆಗ್ಲಿ...* ಎಂದು ಕನ್ನಡಿಗೆ ಹೇಳಿ ಹೊರಡುತ್ತಿದ್ದಳು.

ಒಂದು ದಿನ ಹೊರಡುವ ಮುಂಚೆ ಅವನು ಚೀಲದ ಪಟ್ಟಿಯನ್ನು ತಿರುವುತ್ತ ನಿಂತ.

"ಒಂದು ಮಾತು ಕೇಳ್ಲಾ? ನಾಳೆ ಒಂದಿನ... ಎರಡೂ ಕಣ್ಣಿಗೆ ಒಂದೇ ಬಣ್ಣ ಹಚ್ಕೊಂಡು ಬರ್ತೀರಾ?"

"ಯಾಕೆ?"

"ಸುಮ್ನೆ. ಒಂದಿನ ಮಾತ್ರ."

ಅವಳ ಎದೆಯಲ್ಲಿ ಏನೋ ಚುರುಕ್ ಎಂದಿತು. ಆದರೆ ಅವನು ಆಗಲೇ ಬಾಗಿಲು ದಾಟಿದ್ದ.

ಮರುದಿನ ಅವಳು ಒಂದು ಕಣ್ಣಿಗೆ ಕಂದು, ಒಂದು ಕಣ್ಣಿಗೆ ಆ ಹಸಿರನ್ನೇ ಹಚ್ಚಿಕೊಂಡು ಬಂದಳು. ಹಸಿರಿಗೆ ಇನ್ನೊಂದು ಅವಕಾಶ ಕೊಟ್ಟು ನೋಡುವುದು ಅವಳ ಕ್ರಮ. ಯಾರೋ ಸುಮ್ಮನೆ ಕೇಳಿದರೆಂದು ಕ್ರಮ ತಪ್ಪಿಸುವವಳಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಬಂದ. ಅವನ ಬೆನ್ನಿಗೇ ನಡುವಯಸ್ಸು ದಾಟಿದ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಕಣ್ಣಲ್ಲಿ ಕುತೂಹಲ. ಅವನು ಅವಳ ಮುಖ ನೋಡಿದವನೇ ಔಷಧಿಯ ಕಪಾಟಿನ ಕಡೆ ತಿರುಗಿ ನಿಂತ.

ಹೆಂಗಸು ಕೌಂಟರಿಗೆ ಮೊಣಕೈ ಊರಿ ಅವಳ ಎರಡೂ ಕಣ್ಣುಗಳನ್ನು ನಿಧಾನವಾಗಿ ನೋಡಿದರು.

"ಇದ್ರಲ್ಲಿ ಯಾವುದು ಚೆನ್ನಾಗಿದೆಯಮ್ಮ?"

"ಕಂದು ತಗೊಳ್ಳಿ ಅಮ್ಮ, ಸಂಜೆವರೆಗೂ ನಿಲ್ಲುತ್ತೆ. ಹಸಿರು ಬೇಡ. ನೋಡಿ..." ಅವಳು ಕಣ್ಣು ಮುಚ್ಚಿ ತೋರಿಸಿದಳು. "ಆಗಲೇ ಗೆರೆ ಬಿದ್ದಿದೆ."

"ಎರಡೂ ಒಂದೇ ಕಂಪನಿದಲ್ವಾ?"

"ಹೌದು. ಕಂಪನಿ ಒಂದೇ ಅಂತ ಎರಡನ್ನೂ ಹೊಗಳೋಕಾಗಲ್ಲ."

ಹೆಂಗಸು ಕಂದು ಪೆನ್ಸಿಲ್ ಕೊಂಡರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಹಾಗೇ ಹೊರಟುಹೋದರು. ಅವನ ಕಿವಿ ಮಾತ್ರ ಕೆಂಪಾಗಿತ್ತು.

"ಅವರು ನನ್ನ ಅಮ್ಮ," ಎಂದ ಅವನು. "ನಿಮ್ಮನ್ನ ನೋಡ್ಬೇಕು ಅಂದಿದ್ರು."

ಅವಳಿಗೆ ಎಲ್ಲ ಅರ್ಥವಾಯಿತು. ಮುಖಕ್ಕೆ ಬಿಸಿನೀರು ಎರಚಿದಂತಾಯಿತು.

"ಅದಕ್ಕೆ ಒಂದೇ ಬಣ್ಣ ಹಚ್ಕೊಂಡು ಬನ್ನಿ ಅಂದ್ರಾ? ನಿಮ್ಮಮ್ಮನಿಗೆ ತೋರಿಸೋ ಮುಂಚೆ ನನ್ನನ್ನ ಸರಿಮಾಡ್ಬೇಕಿತ್ತಾ?"

"ಹಾಗಲ್ಲ..."

"ಮತ್ತೆ ಹೇಗೆ?"

ಅವನು ಚೀಲವನ್ನು ಭುಜಕ್ಕೇರಿಸಿಕೊಂಡ. ಅವಳೇ ಮುಂದುವರಿಸಿದಳು.

"ಈ ಎರಡು ಬಣ್ಣಕ್ಕೇ ಇಷ್ಟು ಜನ ನನ್ನ ಮಾತು ನಂಬಿ ಬರ್ತಾರೆ. ಇದು ಹುಚ್ಚಲ್ಲ, ನನ್ನ ಕೆಲಸ. ಇದಕ್ಕೆ ನಾಚಿಕೆ ಪಡೋರ ಪಕ್ಕದಲ್ಲಿ ನಾನು ನಿಂತ್ಕೊಳ್ಳಲ್ಲ."

ಅವನು ತಲೆ ತಗ್ಗಿಸಿ ಹೊರಟ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಅದೇ ಕಂಪನಿಯಿಂದ ಬೇರೆ ಯಾರೋ ಬಂದು, ಆರ್ಡರ್ ತೆಗೆದುಕೊಂಡು ಹೋದರು. ಅವನ ಬಗ್ಗೆ ಕೇಳಲು ಅವಳ ನಾಲಿಗೆ ಏಳಲಿಲ್ಲ. *ಹೋಗ್ಲಿ ಬಿಡು... ಅವನಿಗೂ ಅಮ್ಮನಿಗೂ ಒಂದೇ ಬಣ್ಣದೋಳು ಸಿಗ್ಲಿ.*

ಆ ಸಂಜೆ ಮನೆಯಲ್ಲಿ ಅತ್ತಿಗೆ ಅಳುವಿಗೆ ಕಾರಣ ಕೇಳಿದಾಗ ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದಳು. ಹೆಚ್ಚುತ್ತಿದ್ದದ್ದು ಸೌತೆಕಾಯಿ. ಅತ್ತಿಗೆ ಅದನ್ನು ನೋಡಿಯೂ ನೋಡದವರಂತೆ ಇದ್ದುಬಿಟ್ಟರು.

ಮುಖ ತೊಳೆಯಲು ಹೋದಾಗ ಕನ್ನಡಿಯಲ್ಲಿ ಗಮನಿಸಿದಳು. ಅಷ್ಟು ಅತ್ತರೂ ಕಂದು ಬಣ್ಣ ಕದಲಿರಲಿಲ್ಲ! ಅಂಥ ದುಃಖದಲ್ಲೂ ಅವಳೊಳಗಿನ ಎರಡ್ಬಣ್ಣ ಅದನ್ನು ನೆನಪಿಟ್ಟುಕೊಂಡಳು.

ಮರುದಿನ ಅಕ್ಕನ ಮದುವೆಗೆ ಹೊರಟ ಹುಡುಗಿಯೊಬ್ಬಳು ಬಂದಳು. "ನಾನು ಖಂಡಿತ ಅಳ್ತೀನಿ ಅಕ್ಕ. ನಿಲ್ಲುತ್ತಾ?"

"ನಿಲ್ಲುತ್ತೆ."

"ಅಷ್ಟು ಗ್ಯಾರಂಟಿ ಹೇಗೆ ಹೇಳ್ತೀರಾ?"

"ಅತ್ತು ನೋಡಿದ್ದೀನಿ," ಎಂದಳು ಅವಳು. ತಲೆ ಮಾತ್ರ ತಗ್ಗಿಸಲಿಲ್ಲ.

ಒಂದು ಸಂಜೆ, ಇನ್ನೂ ಬೀದಿಯಲ್ಲಿ ಬೆಳಕಿರುವಾಗಲೇ, ಅಂಗಡಿಯ ಹೊರಗೆ ಗದ್ದಲ ಕೇಳಿಸಿತು. ಪಕ್ಕದ ಟೈಲರ್, ಹಣ್ಣಿನಂಗಡಿಯವಳು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ಯಾರನ್ನೋ ನೋಡಿ ನಗುತ್ತಿದ್ದರು.

ಬಾಗಿಲಲ್ಲಿ ಅವನು ನಿಂತಿದ್ದ.

ಅವನ ಎರಡೂ ರೆಪ್ಪೆಗಳ ಮೇಲೆ ಹಸಿರು ಬಣ್ಣ.

ಯಜಮಾನರ ಕೈಯಿಂದ ಕತ್ತರಿ ಜಾರಿತು. ಅವನು ನೇರವಾಗಿ ಕೌಂಟರಿಗೆ ಬಂದು, ದೀಪದ ಕೆಳಗೆ ಮುಖ ಒಡ್ಡಿದ.

"ಈ ಕಣ್ಣಿಗೆ ಹಳೇ ಹಸಿರು. ಈ ಕಣ್ಣಿಗೆ ಹೊಸದು. ಬೆಳಗ್ಗೆ ಹಚ್ಚಿದ್ದು. ಬಸ್ಸು ಹತ್ತಿದ್ದೀನಿ, ಅಂಗಡಿ ಅಂಗಡಿ ಸುತ್ತಿದ್ದೀನಿ, ಬೆವರಿದ್ದೀನಿ. ನೋಡಿ ಹೇಳಿ."

"ಹೊಸದು ಅಂದ್ರೆ?"

"ನೀವು ಹೇಳಿದ್ದನ್ನ ಫ್ಯಾಕ್ಟರಿಗೆ ಹೋಗಿ ಹೇಳಿದೆ. ನೀನು ಯಾವತ್ತಾದ್ರೂ ಹಚ್ಕೊಂಡಿದ್ದೀಯಾ, ಸುಮ್ನೆ ಮಾತಾಡ್ತೀಯಾ ಅಂದ್ರು. ಅಲ್ಲೇ ಹಚ್ಕೊಂಡು ಕೂತೆ. ಮಧ್ಯಾಹ್ನ ಗೆರೆ ಬಿತ್ತು, ಅವರೇ ನೋಡಿದ್ರು. ಅದನ್ನ ಸರಿಮಾಡೋವರೆಗೂ ಅಲ್ಲೇ ಇದ್ದೆ. ಅವರು ಕಲಸಿದ್ದನ್ನೆಲ್ಲ ಹಚ್ಕೊಂಡು ನೋಡೋದೇ ನನ್ನ ಕೆಲಸ ಆಗಿತ್ತು. ಅದಕ್ಕೇ ಈ ಕಡೆ ಬರೋಕಾಗ್ಲಿಲ್ಲ."

*ಹಾಗಾದ್ರೆ ನನ್ನಿಂದ ದೂರ ಹೋಗಿದ್ದಲ್ಲ...* ಎಂದುಕೊಂಡಳು ಅವಳು.

"ಅವತ್ತು ಒಂದೇ ಬಣ್ಣ ಹಚ್ಚಿ ಅಂದಿದ್ದು ತಪ್ಪು," ಎಂದ ಅವನು ಮೆಲ್ಲಗೆ. "ಅಮ್ಮ ಏನಂದ್ಕೊಳ್ತಾರೋ, ಜನ ನಗ್ತಾರೋ ಅಂತ ಹೆದರಿದ್ದೆ. ಇವತ್ತು ಬಸ್ಸಲ್ಲಿ ಎಲ್ಲಾ ನಕ್ರು. ನಗ್ಲಿ ಅನ್ನಿಸ್ತು. ನೀವು ದಿನಾ ಹೀಗೆ ತಲೆ ಎತ್ಕೊಂಡು ಬರ್ತೀರಲ್ಲ, ಅದೆಷ್ಟು ದೊಡ್ಡದು ಅಂತ ಇವತ್ತು ಗೊತ್ತಾಯ್ತು."

"ನಿಮ್ಮಮ್ಮ?"

"ಅವತ್ತೇ ಮನೇಲಿ ಹೇಳಿದ್ರು, ಮಾಲು ತಂದ ನೀನು ಪಕ್ಕದಲ್ಲೇ ನಿಂತಿದ್ರೂ ಹಸಿರು ಬೇಡ ಅಂದ್ಲು ನೋಡು, ಆ ಹುಡುಗಿ ಮಾತು ನಂಬಬಹುದು ಅಂತ. ಆಮೇಲೆ ನನಗೆ ಬೈದ್ರು. ಹೊರಗೆ ನಿಂತಿದ್ದಾರೆ. ಒಳಗೆ ಬರಲ್ವಂತೆ, ಮೊದಲು ನೀನು ಕ್ಷಮೆ ಕೇಳಿ ಬಾ ಅಂದ್ರು."

ಗಾಜಿನಾಚೆ ಆ ಹೆಂಗಸು ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ರೆಪ್ಪೆಗಳ ಮೇಲೆ ಅದೇ ಕಂದು. ಅವಳು ನೋಡಿದ್ದು ಕಂಡು, ಬಣ್ಣ ನಿಂತಿದೆ ಎನ್ನುವಂತೆ ತಮ್ಮ ಕಣ್ಣನ್ನು ಬೆರಳಿನಿಂದ ತೋರಿಸಿದರು.

"ಕಣ್ಣು ಮುಚ್ಚಿ," ಎಂದಳು ಅವಳು.

ಅವನು ಮುಚ್ಚಿದ. ಅವಳು ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಳೆಯ ಹಸಿರು ಮಡಿಕೆಯಲ್ಲಿ ಗೆರೆಯಾಗಿ ಕೂತಿತ್ತು. ಹೊಸದರ ಮೇಲೆ ಉಂಗುರದ ಬೆರಳಿಟ್ಟು ಹಗುರವಾಗಿ ಎಳೆದಳು. ಬೆರಳಿಗೆ ಬಣ್ಣ ಅಂಟಲಿಲ್ಲ. ಅವನ ರೆಪ್ಪೆ ಮಾತ್ರ ಸಣ್ಣಗೆ ನಡುಗುತ್ತಿತ್ತು.

"ಹಚ್ಚೋಕೆ ಬರಲ್ಲ ನಿಮಗೆ. ಹುಬ್ಬಿನವರೆಗೂ ಹೋಗಿದೆ."

"ಕಲಿಸಿ."

"ಬಣ್ಣ ನಿಂತಿದೆ. ಇದನ್ನ ನಾನು ಮಾರ್ತೀನಿ."

"ಮತ್ತೆ ನಾನು?" ಕಣ್ಣು ಮುಚ್ಚಿಕೊಂಡೇ ಕೇಳಿದ. "ನೀವು ಅಂದ್ರೆ ನನಗೆ ತುಂಬಾ ಇಷ್ಟ. ಎರಡು ಬಣ್ಣದ ಸಮೇತ. ನನ್ನನ್ನ ಬೇಡ ಅಂತೀರಾ?"

ಅವಳ ಕಣ್ಣು ತುಂಬಿತು. ಇಂದು ಹಚ್ಚಿದ್ದ ಎರಡೂ ಬಣ್ಣ ಅಳುವಿಗೆ ನಿಲ್ಲುತ್ತವೋ ಇಲ್ಲವೋ ಎಂದು ಮೊದಲ ಬಾರಿಗೆ ಅವಳಿಗೆ ಯೋಚನೆ ಬರಲಿಲ್ಲ.

"ಬೇಡ ಅನ್ನೋದಾದ್ರೆ ಕಡ್ಡಿ ಮುರಿದ ಹಾಗೆ ಹೇಳ್ತಿದ್ದೆ. ನನಗೆ ನೀವು ಬೇಕು."

ಅವನು ಕಣ್ಣು ತೆರೆದ. ಯಜಮಾನರು ಬೇಗನೆ ಬೆನ್ನು ತಿರುಗಿಸಿ, ಇಲ್ಲದ ಔಷಧಿ ಹುಡುಕತೊಡಗಿದರು.

ಅವಳು ಹತ್ತಿಯ ತುಂಡಿಗೆ ಎಣ್ಣೆ ಹಾಕಿ ಮುಂದೆ ಚಾಚಿದಳು. "ಒರೆಸ್ಲಾ? ಬೀದಿಯಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ ನಗೋಕೆ."

"ಬೇಡ. ನಿಮ್ಮ ಜೊತೆ ಹೀಗೇ ನಡೀತೀನಿ."

ಅವಳು ಹತ್ತಿಯನ್ನು ಪಕ್ಕಕ್ಕಿಟ್ಟಳು. ಕೌಂಟರಿನ ದೀಪ ಆರಿಸಿ, ತಲೆ ಎತ್ತಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

"ಹಾಗಾದ್ರೆ ಬನ್ನಿ. ಅಮ್ಮ ಕಾಯ್ತಾ ಇದ್ದಾರೆ."