ಹೀರೋ ಹನ್ನೊಂದು ಕಿಲೋ ಏರಿದ

ಬಾಗಿಲಿಗೆ ಮೂರನೇ ಒದೆ ಬಿತ್ತು. ಚಿಲಕದ ಮೊಳೆಯೊಂದು ಹಾರಿ ನನ್ನ ಕಾಲ ಬಳಿ ಉರುಳಿತು.

"ಹೀರೋನ ಹೊರಗೆ ಕಳಿಸು!"

ಕೂಗಿದವನು ಪ್ರೊಡ್ಯೂಸರ್ ಕಡೆಯ ದಾಂಡಿಗ. ಹೀರೋ ನನ್ನ ಹಿಂದೆಯೇ ಇದ್ದ. ನನ್ನ ಅಕ್ಕನ ಅಡುಗೆಮನೆಯಲ್ಲಿ, ಊಟಕ್ಕೆ ಕೂತಿದ್ದ.

ಸಿನಿಮಾದವರ ತಾಪತ್ರಯ ಬಿಡಿಸುವುದು ನನ್ನ ಕೆಲಸ ಸ್ವಾಮಿ. ಈ ಸಿನಿಮಾ, ನಶೆಗೆ ಬಿದ್ದವನೊಬ್ಬ ಕೊನೆಗೆ ಬದುಕಿನ ಸಾರ್ಥಕತೆ ಕಾಣುವ ಕತೆ. ಡೈರೆಕ್ಟರಿಗೆ ನೈಜತೆ ಬೇಕಿತ್ತು. ನಿಜವಾದ ಚಟಗಾರನೇ ಬೇಕೆಂದರು. ಹುಡುಕಿ ತಂದವನು ನಾನೇ... ಅದು ತಪ್ಪೋ ಸರಿಯೋ ಇವತ್ತಿಗೂ ಗೊತ್ತಿಲ್ಲ.

ಸಮುದ್ರದಂಡೆಗೆ ಪರ್ಮಿಷನ್ ಬೇಗ ಸಿಕ್ಕಿತೆಂದು ಕ್ಲೈಮ್ಯಾಕ್ಸ್ ಮೊದಲೇ ತೆಗೆದರು. ಅಲೆಗಳ ಮುಂದೆ ಸಾರ್ಥಕತೆಯ ನಗು. ಅವತ್ತು ಅವನು ಪೂರ್ತಿ ನಶೆಯಲ್ಲಿದ್ದ.

ಆಮೇಲೆ ಚಟ ಬಿಟ್ಟ. ಬಿಟ್ಟು ಎಪ್ಪತ್ತೊಂದು ದಿನವಾಗಿತ್ತು. ಹನ್ನೊಂದು ಕಿಲೋ ಏರಿದ.

ಬಾಕಿ ಇದ್ದದ್ದು ಅವನು ಸೊರಗಿ ಹಾಳಾಗುವ ಸೀನುಗಳು.

ಬಾಗಿಲು ಬಿತ್ತು. ದಾಂಡಿಗನ ಕಂಕುಳಲ್ಲಿ ತೂಕದ ಮಷೀನು. ಹಿಂದೆ ಡೈರೆಕ್ಟರ್.

"ಹತ್ತೋ."

ಹೀರೋ ಹತ್ತಿದ. ಮುಳ್ಳು ನೋಡಿ ಡೈರೆಕ್ಟರ್ ಗೋಡೆಗೆ ಒರಗಿದರು. "ಇವನ ಕೆನ್ನೆ ನೋಡ್ರೀ... ಮುಗೀತು ನನ್ನ ಸಿನಿಮಾ."

"ಎರಡು ವಾರ ಹಳೇ ಸಾಮಾನು ಕೊಟ್ರೆ ಇಳೀತಾನೆ." ದಾಂಡಿಗ ಟೇಬಲ್ ಮೇಲೆ ಪೊಟ್ಟಣ ಇಟ್ಟ.

ಹೀರೋನ ಕಣ್ಣು ಅಲ್ಲೇ ನಿಂತಿತು. ಹಿಂದೆ ಹಿಂದೆ ಸರಿದು ಮೂಲೆ ಸೇರಿದ.

"ಅಣ್ಣಾ... ಅದನ್ನ ತೆಗಿ."

ನಾನು ಕೈ ಹಾಕಿದೆ. ದಾಂಡಿಗ ಮಣಿಕಟ್ಟು ತಿರುಚಿದ. ಅಷ್ಟರಲ್ಲಿ ಅಕ್ಕ ಪೊಟ್ಟಣ ಎತ್ತಿ, ಸಿಂಕಿಗೆ ಸುರಿದು, ನಲ್ಲಿ ಬಿಟ್ಟಳು.

"ಊಟದ ಟೇಬಲ್ ಮೇಲೆ ಕಂಡಿದ್ದೆಲ್ಲ ಇಡ್ತೀಯಲ್ಲೋ. ಮನೇಲಿ ಯಾರೂ ಕಲಿಸಿಲ್ವಾ?"

"ಬೇರೆ ತರ್ತೀನಿ," ಅಂದ ದಾಂಡಿಗ. ಡೈರೆಕ್ಟರ್ ಬೇಡವೆನ್ನಲಿಲ್ಲ. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಸಾರ್, ತಪ್ಪಾದ್ರೆ ಬೈರಿ," ಅಂದೆ. "ಆ ಸಮುದ್ರದ ನಗು ಮೊದಲಿಗೇ ಹಾಕಿ. ನಶೆಯ ಸುಖ ಅಂದ್ರೆ ಅದೇ ತಾನೆ? ಕೊನೆಗೆ ಈ ಕೆನ್ನೆ ತೋರಿಸಿ."

"ಮಧ್ಯದಲ್ಲಿ ಹಾಳಾಗೋದು?"

"ತಾಯಿ ಪಾತ್ರದವರ ಮುಖದ ಮೇಲೆ ತೋರಿಸಿ. ಅವರು ಸಣ್ಣಗೇ ಇದ್ದಾರೆ."

ಡೈರೆಕ್ಟರ್ ತೂಕದ ಮಷೀನು ಎತ್ತಿ ದಾಂಡಿಗನ ಕೈಗೆ ಕೊಟ್ಟರು.

"ಇದನ್ನ ನಾನು ಮೊದಲೇ ಯೋಚಿಸಿದ್ದೆ."

"ಗೊತ್ತು ಸಾರ್."

ದಾಂಡಿಗನನ್ನು ಕರೆದುಕೊಂಡು ಹೊರಟುಹೋದರು. ಹೀರೋ ಮಾತ್ರ ಮೂಲೆಯಿಂದ ಕದಲಲಿಲ್ಲ.

"ಅಣ್ಣಾ, ಆ ಸಿಂಕ್ ತೊಳಿ. ಅಲ್ಲಿವರೆಗೂ ನಾನು ಆ ಕಡೆ ಬರಲ್ಲ."

ತೊಳೆದೆ. ಪೂರ್ತಿ ಹೋಯಿತೋ ಇಲ್ಲವೋ ಎಂದು ನಾಲ್ಕನೇ ಸಲವೂ ಉಜ್ಜಿದೆ.

"ಹೇಗೂ ನಿಂತಿದ್ದೀಯ," ಅಂದಳು ಅಕ್ಕ, "ಪಾತ್ರೆನೂ ತೊಳೆದುಬಿಡು."