ಬಿಲದ ಬಾಗಿಲಿಗೆ ಕುಂಕುಮ

“ರೀ, ಯಾರ್ರೀ ಅದು? ನಮ್ಮ ಹೊಲದಾಗೆ ನಿಧಿ ಅಗಿಯಾಕೆ ಬಂದೀರಾ?”

ಗಂಗೋತ್ರಿಯ ಕೂಗು ಸೊಕ್ಕೆ ಊರಿನ ಅರ್ಧ ಜನಕ್ಕೆ ಕೇಳಿಸಿರಬೇಕು! ಬದುವಿನ ಮೇಲೆ ಬೋರಲು ಮಲಗಿದ್ದವನು ಮಾತ್ರ ಏಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, “ಶ್... ಹೆದರ್ತಾಳೆ” ಎಂದ.

ಯಾರು ಹೆದರೋದು? ನಾನಾ?!

ಬಗ್ಗಿ ನೋಡಿದಳು. ನೂಲಿನ ಅಂಚಿದ್ದ ಪುಟ್ಟ ಬಿಲ. ಒಳಗೆ ಹುಣಸೆಬೀಜದಷ್ಟು ದೊಡ್ಡ, ಮೈತುಂಬ ರೋಮದ ಜೇಡ! ಗಂಗೋತ್ರಿ ಎರಡು ಮಾರು ಹಿಂದೆ ಹಾರಿದಳು. ಚಿಕ್ಕಂದಿನಿಂದಲೂ ಅವಳಿಗೆ ಜೇಡವೆಂದರೆ ಜೀವ ಹೋಗುವಷ್ಟು ಭಯ.

ಅವನು ಚನ್ನಗಿರಿಯ ಮುತ್ತುರಾಜ್, ಜೇಡಗಳ ಮೇಲೆ ಸಂಶೋಧನೆ ಮಾಡುವವನು.

“ಟರಂಟುಲಾ ಅಂತಾರ್ರೀ ಇದಕ್ಕೆ. ಈ ಜಾತಿ ಇಷ್ಟೇ ಬೆಳೆಯೋದು, ಸಿಗೋದೂ ಬಲು ಅಪರೂಪ. ಹೆಣ್ಣು ಬಿಲ ಬಿಟ್ಟು ದೂರ ಹೋಗಲ್ಲ. ಗಂಡೇ ಹುಡುಕ್ಕೊಂತ ಬಂದು ಬಾಗಿಲಾಗೆ ಕಾಲು ಬಡೀತೈತೆ.”

“ಆಕೆಗೆ ಇಷ್ಟ ಇಲ್ದಿದ್ರೆ?”

“ಕಚ್ಚಿ ಓಡಿಸ್ತಾಳೆ!”

ಅವಳಿಗೆ ನಗು ತಡೆಯಲಾಗಲಿಲ್ಲ.

“ಬರೋ ತಿಂಗಳು ಬರ್ತೀನಿ. ಅಲ್ಲೀತನಕ ಯಾರೂ ತುಳೀದಂಗೆ ನೋಡ್ಕೊಂತೀರಾ?”

“ನೋಡ್ಕೊಂತೀನಿ” ಎಂದವಳ ಮನಸ್ಸು ಆಗಲೇ ಬರೋ ತಿಂಗಳಿಗೆ ಕಾಯತೊಡಗಿತ್ತು.

ಗುರುತಿಗೆಂದು ಬಿಲದ ಪಕ್ಕ ಅರಿಶಿನ ಕುಂಕುಮ ಹಚ್ಚಿದ ಕಲ್ಲು ನಿಲ್ಲಿಸಿದಳು. ಅದನ್ನು ಯಾರು ತಾನೇ ತುಳಿದಾರು? ತುಳಿಯಲಿಲ್ಲ, ನಿಜ. ಆದರೆ ಪಕ್ಕದ ಹೊಲದ ಗಾದ್ರಮ್ಮ, ಬಿಲದೊಳಗೆ ನಾಗಪ್ಪ ಇದ್ದಾನೆಂದುಕೊಂಡು ಚೊಂಬು ತುಂಬ ಹಾಲೆರೆದು ಕೈಮುಗಿದುಬಿಟ್ಟಳು!

ತಿಂಗಳಾದ ಮೇಲೆ ಬಂದ ಮುತ್ತುರಾಜನಿಗೆ ಕಂಡದ್ದು ಕುಂಕುಮದ ಕಲ್ಲು, ಊದಿನಕಡ್ಡಿಯ ಬೂದಿ, ಕುಸಿದು ಮುಚ್ಚಿಹೋದ ಬಿಲ. ಓಡಿಬಂದ ಗಂಗೋತ್ರಿಯನ್ನು ಅವನು ಮಾತಾಡಲೂ ಬಿಡಲಿಲ್ಲ.

“ನಿಮ್ಮನ್ನ ನಂಬಿ ಬಿಟ್ಟು ಹೋದೆ... ಪೂಜೆ ಮಾಡಿ ಸಾಯಿಸಿದ್ರಲ್ರೀ!”

ಅವಳ ಕಣ್ಣು ತುಂಬಿತು. ಒಂದು ಮಾತು ಕೇಳಬಾರದಿತ್ತಾ? ಆದರೂ ತುಟಿ ಕಚ್ಚಿಕೊಂಡು, “ಬರ್ರಿ ಇಲ್ಲಿ” ಎಂದು ಮುಂದೆ ನಡೆದಳು.

ಬದುವಿನ ಆಚೆ, ಕಳ್ಳಿಯ ನೆರಳಲ್ಲಿ ಇನ್ನೊಂದು ಬಿಲ. ಬಾಯಿಗೆ ಹೊಸ ನೂಲು!

“ಪಕ್ಕದ ಹೊಲದ ಗಾದ್ರಮ್ಮ ನಾಗಪ್ಪ ಅಂತ ಹಾಲೆರೆದ್ಲು. ನಾನು ಓಡಿ ಬರೋದ್ರಾಗೆ ಇದು ಒದ್ದಾಡ್ಕೊಂತ ಹೊರಗೆ ಬಂದಿತ್ತು. ಅಂಗೈ ಮೇಲೆ ಎತ್ಕೊಂಡು ಬಂದು, ಕಡ್ಡೀಲಿ ತೂತು ಕೊರೆದು ಬಿಟ್ಟೆ.”

“ಅಂಗೈ ಮೇಲಾ! ನಿಮ್ಗೆ ಭಯ...”

“ಈಗ್ಲೂ ಐತೆ! ಆದ್ರೆ ಅದು ಸತ್ತೋದ್ರೆ... ನೀವು ಮತ್ಯಾಕೆ ಬರ್ತೀರಿ?”

ಮುತ್ತುರಾಜನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಎದೆ ತುಂಬಿಬಂತು.

“ತಪ್ಪಾತು ಗಂಗೋತ್ರಿ... ಬರೀ ಜೇಡ ನೋಡಾಕೆ ಬಂದಿದ್ರೆ, ದಾರಿಯುದ್ದಕ್ಕೂ ನಿಮ್ಮನ್ನ ನೆನೆಸ್ಕೊಂತ ಯಾಕೆ ಬರ್ತಿದ್ದೆ?”

ಅವಳ ಪಕ್ಕದ ಕಲ್ಲಿನ ಮೇಲೆ ಅವನು ಬೆರಳಿನಿಂದ ಮೆಲ್ಲಗೆ ಬಡಿದ. ಟಕ್... ಟಕ್...

“ಏನ್ರೀ ಅದು?”

“ಬಾಗಿಲು ಬಡೀತಿದೀನಿ. ಇಷ್ಟ ಇಲ್ದಿದ್ರೆ ಕಚ್ಚಿಬಿಡ್ರಿ.”

ಗಂಗೋತ್ರಿ ಕಣ್ಣೊರೆಸಿಕೊಂಡು ನಕ್ಕಳು.

“ಕಚ್ಚಲ್ಲ, ಬರ್ರಿ... ಇನ್ನೊಂದು ಬಾಗಿಲು ಬಡಿಯೋದು ಬಾಕಿ ಐತೆ. ಅಪ್ಪ ಮನ್ಯಾಗೇ ಅದಾನೆ!”