ಎಡಗಡೆ ಮೆಟ್ಟಿಲಿನ ಮನೆ

"ಮಾವ, ತಡಿ! ಅದನ್ನ ಹರೀಬೇಡ!"

ಮಾವನ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. "ಹರೀತಿಲ್ಲ ಕಣೇ, ಬಿಡಿಸ್ತಿದೀನಿ. ಮೊಳೆ ತುಕ್ಕು ಹಿಡಿದಿದೆ. ಹಾಗೆ ಕಿರುಚಿದ್ರೆ ನನ್ನ ಬೆರಳೇ ಹೋಗುತ್ತೆ."

ಮಾವನದು ಹಳೆ ಸಾಮಾನಿನ ಅಂಗಡಿ. ನಿಂತುಹೋದ ಗಡಿಯಾರಗಳು, ಹಿಡಿ ಕಿತ್ತ ಸೂಟ್‌ಕೇಸುಗಳು, ಜೋಡಿ ಕಳೆದುಕೊಂಡ ಕುರ್ಚಿಗಳು ಅಲ್ಲಿ ಒಂದರ ಮೇಲೊಂದು ಕೂತಿದ್ದವು. ಶಾಲೆ ಬಿಟ್ಟ ಮೇಲೆ ಅಮ್ಮ ಆಫೀಸಿನಿಂದ ಬರುವವರೆಗೆ ಅವಳು ಇಲ್ಲೇ ಇರಬೇಕು. ಹೋಮ್‌ವರ್ಕ್ ಮಾಡಬೇಕು ಅಂತ ಅಮ್ಮನ ಆರ್ಡರ್. ಆದರೆ ಮಾವ ಏನು ಬಿಚ್ಚುತ್ತಿದ್ದಾನೆ ಅಂತ ನೋಡುವುದರಲ್ಲೇ ಅವಳ ಸಂಜೆ ಮುಗಿದುಹೋಗುತ್ತಿತ್ತು.

ಮಾವ ಹಳೆ ಫೋಟೋಗಳನ್ನು ಕೊಳ್ಳುತ್ತಿದ್ದದ್ದು ಫ್ರೇಮಿಗಾಗಿ. ಹಿಂದಿನ ಮೊಳೆ ಕಿತ್ತು, ಫೋಟೋ ತೆಗೆದು, ಆ ಜಾಗಕ್ಕೆ ಕನ್ನಡಿ ಕೂರಿಸಿದರೆ ಒಳ್ಳೆಯ ಬೆಲೆಗೆ ಹೋಗುತ್ತಿತ್ತು. ತೆಗೆದ ಫೋಟೋಗಳು ಮೂಲೆಯ ಗೋಣಿಚೀಲಕ್ಕೆ. ಚೀಲ ತುಂಬಿದಾಗ ರದ್ದಿಯವನ ಗಾಡಿಗೆ. ಈಗ ಚೀಲ ಬಾಯಿವರೆಗೂ ತುಂಬಿತ್ತು.

ಈ ಸಲ ಫ್ರೇಮಿನಿಂದ ಹೊರಗೆ ಬಂದದ್ದು ದಪ್ಪ ರಟ್ಟಿಗೆ ಅಂಟಿಸಿದ ದೊಡ್ಡ ಫೋಟೋ. ಒಂದು ಮನೆಯ ಮುಂದೆ ಅವಳಷ್ಟೇ ವಯಸ್ಸಿನ ಹುಡುಗಿ, ತನಗಿಂತ ಎತ್ತರದ ಸೈಕಲ್ ಹಿಡಿದು ನಿಂತಿದ್ದಳು. ಕ್ಯಾರಿಯರ್ ಮೇಲೆ ಒಬ್ಬ ಪುಟ್ಟ ಹುಡುಗ, ಬಾಯಿ ಅಗಲಿಸಿಕೊಂಡು ಕೂತಿದ್ದ. ಹುಡುಗಿಯ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ತಮ್ಮನ ಕಾಲರ್ ಮೇಲೆ. ಇವನು ಬಿದ್ದರೆ ಬೈಗುಳ ನನಗೇ ಅನ್ನುವ ಮುಖ.

"ಇದು ಯಾರದು ಮಾವ?"

"ಈಗ ನಂದು."

"ನಿಂದು ಹೇಗೆ? ಇವರ ಹೆಸರು ಗೊತ್ತಾ ನಿಂಗೆ?"

"ಫ್ರೇಮಿನ ಹೆಸರು ಗೊತ್ತು. ತೇಗ."

"ಅವರು ಫ್ರೇಮ್ ಮಾರಿರ್ಬಹುದು. ಇವರಿಬ್ರನ್ನ ಮಾರಿರಲ್ಲ."

"ಬೇಕಾಗಿದ್ರೆ ಯಾಕೆ ಕೊಡ್ತಿದ್ರು?"

"ನೀನು ಕೇಳಿದ್ಯಾ?"

ಮಾವ ಕೇಳಿರಲಿಲ್ಲ. "ಒಬ್ಬ ಪೇಂಟರ್ ತಂದುಕೊಟ್ಟ. ನೀರಿನ ಟ್ಯಾಂಕ್ ಹಿಂದಿನ ಬೀದಿಗಳಲ್ಲಿ ಬಣ್ಣದ ಕೆಲಸ ಮಾಡ್ತಾನೆ. ಯಾರೋ ಮನೆಯವರು ಹಳೇದನ್ನೆಲ್ಲ ಒಯ್ಯಿ ಅಂದ್ರಂತೆ. ಯಾವ ಮನೆ ಅಂತ ಅವನಿಗೇ ನೆನಪಿಲ್ಲ."

"ನಾನು ಹುಡುಕ್ತೀನಿ."

ಮಾವ ತಲೆ ಮೇಲೆ ಕೈ ಇಟ್ಟುಕೊಂಡ. ಮನೆಯಲ್ಲಿ ಅವಳನ್ನು ಎಲ್ಲರೂ ಉಡ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲದ ಹುಡುಗಿ. ಮೂರು ತಿಂಗಳಿಂದ ಈ ಚೀಲದ ವಿಷಯದಲ್ಲಿ ಮಾವನ ಜೀವ ತಿನ್ನುತ್ತಿದ್ದಳು.

"ನೋಡು ಉಡ, ಒಂದು ಮಾತು. ಇದೊಂದನ್ನ ಅದರ ಮನೆ ಸೇರಿಸು. ಆ ಮನೆಯವರು ನಂಗೆ ಫೋನ್ ಮಾಡಿ, ಹೌದು, ನಮಗೆ ಬೇಕು ಅನ್ಲಿ. ಆಗ ಚೀಲ ರದ್ದಿಗೆ ಹೋಗಲ್ಲ. ಮೇಲಿನ ಶೆಲ್ಫಲ್ಲಿಡ್ತೀನಿ, ಮಿಕ್ಕವರ ಮನೇನೂ ನೀನೇ ಹುಡುಕ್ಕೋ. ಆಗ್ಲಿಲ್ಲ ಅಂದ್ರೆ ಭಾನುವಾರ ಮಧ್ಯಾಹ್ನ ರದ್ದಿಯವನು ಬರ್ತಾನೆ, ಚೀಲ ಹೋಗುತ್ತೆ. ಆಮೇಲೆ ನೀನು ಈ ಸುದ್ದಿ ಎತ್ತೋ ಹಾಗಿಲ್ಲ."

ಅದು ಶುಕ್ರವಾರ. ಅವಳು ಚೀಲದ ಕಡೆ ನೋಡಿದಳು. ಮೇಲಿದ್ದ ಫೋಟೋದಲ್ಲಿ ಟೋಪಿ ಹಾಕಿದ ಒಬ್ಬ ಮುದುಕ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಆಯ್ತು," ಅಂದಳು.

ಫೋಟೋದ ರಟ್ಟು ಒಂದು ಮೂಲೆಯಲ್ಲಿ ಬಿರಿದಿತ್ತು. ಹೊತ್ತು ತಿರುಗಿದರೆ ಮುರಿದೇ ಹೋಗುತ್ತಿತ್ತು. ಮಾವನ ಫೋನಿನ ಕ್ಯಾಮೆರಾ ಗಾಜು ಒಡೆದು, ಏನು ಹಿಡಿದರೂ ಮಂಜು ಮಂಜು. ಅದಕ್ಕೆ ಅವಳು ರಫ್ ಬುಕ್ಕಿನಲ್ಲಿ ಆ ಮನೆಯ ಚಿತ್ರ ಬರೆದುಕೊಂಡಳು. ನಡುವೆ ಬಾಗಿಲು. ಬಾಗಿಲ ಮೇಲೆ ಅರ್ಧಚಂದ್ರದಂಥ ಗಾಜು. ಮುಂದೆ ವರಾಂಡ. ವರಾಂಡದ ಎಡಗಡೆಯಿಂದ ಮಹಡಿಗೆ ಮೆಟ್ಟಿಲು. ಮನುಷ್ಯರನ್ನು ಬರೆಯಲು ಅವಳಿಗೆ ಬರುತ್ತಿರಲಿಲ್ಲ, ಬಿಟ್ಟಳು.

ಶನಿವಾರ ಬೆಳಗಿನಿಂದ ಟ್ಯಾಂಕ್ ಹಿಂದಿನ ಬೀದಿಗಳನ್ನು ಸೈಕಲ್ಲಿನಲ್ಲಿ ಸುತ್ತಿದಳು. ಎಡಗಡೆ ಮೆಟ್ಟಿಲಿನ ಮನೆಗಳು ಬೇಕಾದಷ್ಟಿದ್ದವು, ಅರ್ಧಚಂದ್ರ ಇರಲಿಲ್ಲ. ಒಂದು ಮನೆಯಿಂದ ನಾಯಿ ಅಟ್ಟಿಸಿಕೊಂಡು ಬಂತು. ಇನ್ನೊಂದು ಮನೆಯ ಹೆಂಗಸು, "ಯಾವ ಕಂಪನಿಯಿಂದ? ನಮಗೇನೂ ಬೇಡ," ಅಂತ ಕದ ಹಾಕಿಕೊಂಡಳು.

ಒಂದೇ ಒಂದು ಮನೆಗೆ ಅರ್ಧಚಂದ್ರದ ಗಾಜಿತ್ತು. ಹೊಸದಾಗಿ ಹಸಿರು ಬಣ್ಣ ಬಳಿದ ಮನೆ. ವರಾಂಡದಲ್ಲಿ ಒಬ್ಬ ತಾತ ಮುರಿದ ಕೊಡೆಯ ಕಡ್ಡಿ ಕಟ್ಟುತ್ತಾ ಕೂತಿದ್ದರು.

"ಏನು ಹುಡುಕ್ತಿದೀಯ? ಆಗ್ಲಿಂದ ಮೂರು ಸಲ ಹೋದೆ, ಮೂರು ಸಲ ಬಂದೆ."

"ಎಡಗಡೆ ಮೆಟ್ಟಿಲಿರೋ ಮನೆ, ತಾತ." ಅವಳು ರಫ್ ಬುಕ್ ತೋರಿಸಿದಳು.

ತಾತ ಪುಸ್ತಕವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಇದೇನು, ಕೋಳಿಗೂಡಾ?"

"ಮನೆ!"

"ಹೌದಾ? ನಮ್ಮ ಮೆಟ್ಟಿಲು ಬಲಗಡೆ ಇದೆ. ಕಾಣುತ್ತೆ ತಾನೇ? ಮುಂದೆ ಹೋಗು."

ಕಂಡಿತು. ಮೆಟ್ಟಿಲು ಬಲಗಡೆಯೇ ಇತ್ತು. ಅವಳು ಮುಂದೆ ಹೋದಳು. ಕತ್ತಲಾಗುವಷ್ಟರಲ್ಲಿ ಬೀದಿಗಳೂ ಮುಗಿದವು, ಕಾಲಿನ ಶಕ್ತಿಯೂ ಮುಗಿಯಿತು. ಸಾಲದ್ದಕ್ಕೆ ದಾರಿಯಲ್ಲಿ ಚೈನು ಎರಡು ಸಲ ಕಳಚಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದಲೇ ಕೂಗಿದಳು. "ಉಡ! ಬಾ ಇಲ್ಲಿ! ಇದೇನಿದು ನಿನ್ನ ಪ್ಯಾಂಟು? ಎಷ್ಟು ತಿಕ್ಕಿದ್ರೂ ಈ ಮಸಿ ಹೋಗ್ತಿಲ್ಲ!"

"ಚೈನಿಂದು, ಅಮ್ಮ."

"ಅದೇನು ಯಾವಾಗ್ಲೂ ಬಲಗಾಲಿಗೇ? ಎಡಗಾಲು ನೋಡು, ಹೊಸ ಪ್ಯಾಂಟಿನ ಹಾಗಿದೆ!"

"ಚೈನು ಇರೋದೇ ಬಲಗಡೆ. ಎಲ್ಲ ಸೈಕಲ್ಲಿಗೂ ಬಲಗಡೇನೇ ಇರೋ…"

ಅವಳು ಕಣ್ಣು ಮುಚ್ಚಿ, ಫೋಟೋದ ಆ ಎತ್ತರದ ಸೈಕಲ್ಲನ್ನು ಮನಸ್ಸಿನಲ್ಲೇ ಹತ್ತಿ ಕೂತಳು. ಪೆಡಲ್ ಮೇಲೆ ಕಾಲಿಟ್ಟಳು. ಚೈನು ಎಡಗಾಲಿನ ಹತ್ತಿರ ಬಂತು.

"ಎಲ್ಲಿಗೆ ಓಡ್ತಿದೀಯ? ತಿಂಡಿ ತಿನ್ನದೆ?"

ಮಾವ ಆಗಷ್ಟೇ ಅಂಗಡಿಯ ಶಟರ್ ಎತ್ತುತ್ತಿದ್ದ. ಅವನ ಕಂಕುಳ ಕೆಳಗಿನಿಂದ ನುಗ್ಗಿ ಅವಳು ಫೋಟೋ ಎತ್ತಿಕೊಂಡಳು. ಮೊನ್ನೆ ಹೊಸದಾಗಿ ಕೂರಿಸಿದ್ದ ಕನ್ನಡಿಯ ಮುಂದೆ ಹಿಡಿದಳು. ಕನ್ನಡಿಯೊಳಗಿನ ಸೈಕಲ್ಲಿಗೆ ಚೈನು ಸರಿಯಾದ ಕಡೆ ಇತ್ತು. ಕನ್ನಡಿಯೊಳಗಿನ ಮನೆಗೆ ಮೆಟ್ಟಿಲು ಬಲಗಡೆ ಇತ್ತು.

"ಮಾವ, ಫೋಟೋನೇ ಉಲ್ಟಾ! ಫೋಟೋ ತೊಳೆದವನು ನೆಗೆಟಿವ್‌ನ ಉಲ್ಟಾ ಹಾಕಿದಾನೆ! ಆ ಕೊಡೆ ತಾತ ನನ್ನ ಮುಂದೇನೇ ಕೂತಿದ್ರು!"

"ಯಾವ ಕೊಡೆ? ಯಾವ ತಾತ?"

ಹೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಎರಡು ರಟ್ಟಿನ ನಡುವೆ ಫೋಟೋ ಇಟ್ಟು, ಹಗ್ಗ ಸುತ್ತಿ, ಕ್ಯಾರಿಯರಿಗೆ ಬಿಗಿದಳು. ಮಾವನ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು.

"ಮಧ್ಯಾಹ್ನ ಗಾಡಿ ಬರುತ್ತೆ, ನೆನಪಿರ್ಲಿ!" ಮಾವ ಹಿಂದಿನಿಂದ ಕೂಗಿದ.

ಹಸಿರು ಮನೆಯ ವರಾಂಡದಲ್ಲಿ ತಾತ ಅದೇ ಕೊಡೆಯ ಜೊತೆ ಇನ್ನೂ ಗುದ್ದಾಡುತ್ತಿದ್ದರು. "ಏನಮ್ಮ, ಕೋಳಿಗೂಡು ಸಿಕ್ತಾ?"

ಅವಳು ಹಗ್ಗ ಬಿಚ್ಚಿ ಫೋಟೋ ಎತ್ತಿ ಹಿಡಿದಳು.

ತಾತನ ಕೈಯಿಂದ ಕೊಡೆ ಜಾರಿತು. ಫೋಟೋ ನೋಡಿದರು, ಅವಳನ್ನು ನೋಡಿದರು. ಆಮೇಲೆ ತಲೆಯೆತ್ತಿ ಮಹಡಿಯ ಕಡೆ ಜೋರಾಗಿ ಹೇಳಿದರು. "ಸಿಕ್ತು ನೋಡಿ! ಮೇಲಿನವರು ಮಾರಿದ್ದು ಬೀದಿ ಸುತ್ತಿ ವಾಪಸ್ ಬಂತು!"

ಮಹಡಿಯ ಬಾಗಿಲು ದಡ್ ಅಂತ ತೆರೆಯಿತು. ಒಬ್ಬ ಅಜ್ಜಿ ಮೆಟ್ಟಿಲ ತುದಿಯಲ್ಲಿ ನಿಂತಳು. ಬಿಳಿ ಕೂದಲು, ಸೊಂಟದ ಮೇಲೆ ಕೈ. ಫೋಟೋದ ಹುಡುಗಿಯ ಆ ಮುಖ ಎಲ್ಲಿದ್ದರೂ ಗುರುತು ಸಿಗುತ್ತಿತ್ತು.

"ಮಗು, ಕೆಳಗಿನವರಿಗೆ ಹೇಳು. ಮಾರಿದ್ದು ನಾನಲ್ಲ, ಅವರೇ ಅಂತ. ಈಗ ಅದನ್ನ ಮೇಲೆ ತಗೊಂಡು ಬಾ. ಅದು ನಂದು."

"ಮೇಲಿನವರಿಗೆ ಹೇಳು, ಅದು ನಂದು ಅಂತ!"

ಅವಳಿಗೆ ಏನೂ ಅರ್ಥವಾಗಲಿಲ್ಲ. "ನೀವಿಬ್ರೂ ಅಕ್ಕ ತಮ್ಮ ಅಲ್ವಾ? ಇದೇ ಸೈಕಲ್ ಮೇಲೆ…"

"ಮನೆಗೆ ಬಣ್ಣ ಬಳಿದಾಗಿನಿಂದ ಮಾತಿಲ್ಲ," ಅಂದಳು ಅಜ್ಜಿ. "ಇದೇ ವರಾಂಡದ ಗೋಡೆ ಮೇಲಿತ್ತು. ಬಣ್ಣ ಮುಗಿದ ಮೇಲೆ ನೋಡಿದ್ರೆ ಇಲ್ಲ. ಕೆಳಗಿನವರಿಗೆ ಮೊದಲಿಂದ್ಲೂ ನನ್ನ ಮುಖ ಕಂಡ್ರಾಗಲ್ಲ."

"ಮೇಲಿನವರಿಗೆ ಹಳೇದು ಅಂದ್ರೆ ಕಸ!"

"ತಡೀರಿ!" ಉಡ ಕೂಗಿದಳು. ಕ್ಲಾಸಿನಲ್ಲಿ ಮಾನಿಟರ್ ಆಗಿದ್ದಾಗಲೂ ಅವಳು ಇಷ್ಟು ಜೋರಾಗಿ ಕೂಗಿರಲಿಲ್ಲ. "ನೀವಿಬ್ರೂ ಮಾರಿಲ್ಲ. ನಮ್ಮ ಮಾವನಿಗೆ ಇದನ್ನ ಕೊಟ್ಟಿದ್ದು ಪೇಂಟರ್. ಯಾರೋ ಹಳೇದನ್ನೆಲ್ಲ ಒಯ್ಯಿ ಅಂದ್ರಂತೆ, ಅದರ ಜೊತೆ ಇದನ್ನೂ ತಂದ."

"ಪೇಂಟರಾ?" ಅಂದರು ತಾತ.

ಅಜ್ಜಿ ಸೊಂಟದಿಂದ ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಇಟ್ಟುಕೊಂಡಳು. "ಕೆಳಗಿನವರಿಗೆ ಹೇಳು, ಆ ಪೇಂಟರನ್ನ ಕರೆಸಿದ್ದು ಅವರೇ ಅಂತ."

"ಮೇಲಿನವರಿಗೆ ಹೇಳು, ಹಳೇದನ್ನೆಲ್ಲ ಒಯ್ಯಿ ಅಂತ ಅವನಿಗೆ ಹೇಳಿದ್ದು ಅವರೇ ಅಂತ."

"ಹಳೇದು ಅಂದಿದ್ದು ಹಳೇ ಪೇಪರ್ ಕಟ್ಟಿಗೆ!"

ಉಡ ಮೇಲೆ ನೋಡಿದಳು, ಕೆಳಗೆ ನೋಡಿದಳು, ಮತ್ತೆ ಮೇಲೆ ನೋಡಿದಳು. ಕುತ್ತಿಗೆ ನೋವು ಬಂತು. ಇವರು ಹೀಗೇ ಕೂತರೆ ಮಧ್ಯಾಹ್ನ ಆಗಿಬಿಡುತ್ತದೆ. ಅವಳು ಫೋಟೋ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಸರಿಯಾಗಿ ನಡುವಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನೋಡ್ಬೇಕು ಅಂದ್ರೆ ಇಬ್ರೂ ಇಲ್ಲಿಗೆ ಬನ್ನಿ. ಒಬ್ಬರ ಕೈಗೆ ಕೊಡಲ್ಲ."

"ಏ ಹುಡುಗಿ, ನನ್ನ ಮಂಡಿ ನೋವು…"

"ನಿಧಾನಕ್ಕೆ ಬನ್ನಿ ತಾತ. ನಾನು ಎಲ್ಲಿಗೂ ಹೋಗಲ್ಲ."

ತಾತ ಗೊಣಗುತ್ತಾ ಒಂದೊಂದೇ ಮೆಟ್ಟಿಲು ಹತ್ತಿದರು. ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಹುಡುಗಿಯ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ಬಂದು ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫೋಟೋ ನೋಡಿದರು.

"ಮೊದಲು ಫೋನ್," ಅಂತ ಉಡ ಅಂಗೈ ಚಾಚಿದಳು. "ಬೇಕು ಅಂತ ನಮ್ಮ ಮಾವನಿಗೆ ಹೇಳಿ. ಹೇಳ್ಲಿಲ್ಲ ಅಂದ್ರೆ ಒಂದು ಚೀಲ ಜನ ರದ್ದಿಗೆ ಹೋಗ್ತಾರೆ."

ತಾತ ಜೇಬಿನಿಂದ ಫೋನ್ ತೆಗೆದು, ಅವಳ ಅಂಗೈ ನೋಡಿ ನಂಬರ್ ಒತ್ತಿದರು. "ಹಲೋ, ಈ ಹುಡುಗಿ ಮಾವ ಏನ್ರೀ? ಹೌದ್ರೀ, ನಮ್ಮದೇ. ಬೇಕು ಅಂದ್ರೆ? ಬೇಕೇ ಬೇಕು! ಮತ್ತೆ ನಮ್ಮ ಫ್ರೇಮ್ ಎಲ್ರೀ?"

ಆ ಕಡೆಯಿಂದ ಮಾವ ಏನೋ ತೊದಲಿದ. ತಾತ ಫೋನನ್ನು ಅವಳ ಕಿವಿಗೆ ಹಿಡಿದರು.

"ಉಡ," ಅಂದ ಮಾವ. ಅವನ ದನಿ ಸಣ್ಣಗಾಗಿತ್ತು. "ರದ್ದಿಯವನು ಬೇಗ್ನೇ ಬಂದುಬಿಟ್ಟಿದ್ದ. ಚೀಲ ಗಾಡಿ ಮೇಲಿತ್ತು. ಇಳಿಸಿಕೊಂಡೆ. ಫ್ರೇಮೂ ವಾಪಸ್ ಕೊಡ್ತೀನಿ ಅಂತ ಹೇಳು ಅವರಿಗೆ."

ಅವಳಿಗೆ ಕುಣಿಯಬೇಕು ಅನ್ನಿಸಿತು. ಆದರೆ ಎರಡೂ ಕಡೆ ಜನ ಕೂತಿದ್ದರಿಂದ ಕುಣಿಯಲು ಜಾಗವಿರಲಿಲ್ಲ.

"ನೋಡು, ಹೇಗೆ ಬಾಯಿ ಬಿಟ್ಕೊಂಡು ಅಳ್ತಿದಾನೆ," ಅಂದಳು ಅಜ್ಜಿ, ಫೋಟೋದ ಮೇಲೆ ಬೆರಳಿಟ್ಟು.

"ಅಳ್ತಿರ್ಲಿಲ್ಲ. ಕಾಲರ್ ಅಷ್ಟು ಬಿಗಿಯಾಗಿ ಎಳೆದ್ರೆ ಉಸಿರು ಹೇಗೆ ಬರುತ್ತೆ?"

"ಬಿಟ್ಟಿದ್ರೆ ಬೀಳ್ತಿದ್ದೆ!"

"ಬಿಟ್ಯಲ್ಲ! ಫೋಟೋ ತೆಗೆದ ಕೂಡ್ಲೇ ಬಿಟ್ಟೆ. ಬಿದ್ದೆ. ಇಲ್ಲಿ ನೋಡು, ಈ ಗಾಯದ ಕಲೆ ಇನ್ನೂ ಹೋಗಿಲ್ಲ."

"ಅದು ಮಾವಿನ ಮರದಿಂದ ಬಿದ್ದಿದ್ದು ಕಣೋ!"

"ಸೈಕಲ್ಲಿಂದ ಅಕ್ಕ! ನಿಂಗೇನು ಗೊತ್ತು, ನೀನು ಮಿಠಾಯಿ ಅಂಗಡಿಗೆ ಓಡಿಬಿಟ್ಟಿದ್ದೆ!"

"ನಿಂಗೇ ತರೋಕೆ ಓಡಿದ್ದು! ಹುಷಾರು, ಹಾಗೆ ಎಳೀಬೇಡ, ಆ ಮೂಲೆ ಮುರಿಯುತ್ತೆ."

"ನೀನು ಬಿಡು ಮೊದಲು."

"ನೀನು ಬಿಡು."

ಉಡ ಫೋಟೋದಿಂದ ಮೆಲ್ಲಗೆ ಕೈ ತೆಗೆದಳು. ಅದು ಬೀಳಲಿಲ್ಲ. ಒಂದು ಅಂಚು ತಾತನ ಕೈಯಲ್ಲಿತ್ತು, ಇನ್ನೊಂದು ಅಜ್ಜಿಯ ಕೈಯಲ್ಲಿ. ಅವಳು ಇಬ್ಬರ ನಡುವಿನಿಂದ ಜಾರಿ ಕೆಳಗಿನ ಮೆಟ್ಟಿಲಿಗೆ ಇಳಿದಳು. ಯಾರೂ ಗಮನಿಸಲಿಲ್ಲ. ಅವಳು ಎದ್ದ ಜಾಗಕ್ಕೆ ಅಜ್ಜಿ ಸರಿದು ಕೂತಳು. ಫೋಟೋ ಸರಿಯಾಗಿ ಕಾಣಬೇಕಲ್ಲ.

ವರಾಂಡ ದಾಟಿ ಉಡ ಸೈಕಲ್ ಹಿಡಿದಳು. ಹೋಗಿಬರ್ತೀನಿ ಅಂತ ಹೇಳಲು ಬಾಯಿ ತೆರೆದಳು. ಮೆಟ್ಟಿಲ ಮೇಲೆ ಜಗಳ ಜೋರಾಗಿಯೇ ನಡೆದಿತ್ತು. ನೀನು, ನೀನೇ, ನೀನಲ್ವಾ. ಅವಳು ಕಿವಿಗೊಟ್ಟು ಕೇಳಿದಳು. ಮೇಲಿನವರು ಅನ್ನುವ ಮಾತು ಬರಲಿಲ್ಲ. ಕೆಳಗಿನವರು ಅನ್ನುವ ಮಾತೂ ಬರಲಿಲ್ಲ. ಹೇಳು ಅಂತ ಯಾರೂ ಅವಳನ್ನು ಕರೆಯಲಿಲ್ಲ.

ತೆರೆದ ಬಾಯಿ ಮುಚ್ಚಿಕೊಂಡು, ಗೇಟಿನ ಚಿಲಕವನ್ನು ಸದ್ದಾಗದ ಹಾಗೆ ಎಳೆದುಕೊಂಡಳು.